ಹಾಡಿನಲ್ಲಿ ಇದ್ದಲಿರಲಿಲ್ಲ

ಕಲ್ಲಿದ್ದಲು ಅಂದರೆ ಈಗಿನವರಿಗೆ ಪತ್ರಿಕೆಯಲ್ಲಿ ಬರುವ ಒಂದು ಸುದ್ದಿ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಲ್ಲಿ ಇನ್ನೆಷ್ಟು ದಿನಕ್ಕಾಗುವಷ್ಟು ದಾಸ್ತಾನಿದೆ ಎಂಬ ಲೆಕ್ಕ, ಅಷ್ಟೆ. ನಾವು ಅದನ್ನು ಕೈಯಾರೆ ಮುಟ್ಟಿದವರು. ಅರಸೀಕೆರೆಯ ರೈಲ್ವೆ ಅಂಗಳದ ಬೇಲಿಗೆ ಅಂಟಿಕೊಂಡಂತೆ ನಮ್ಮ ಮನೆಯಿತ್ತು. ಇಂಜಿನ್ನಿನಿಂದ ಎಳೆದು ಸುರಿದ ಬೂದಿಯಲ್ಲಿ ಅರ್ಧ ಬೆಂದ ಇದ್ದಲಿನ ಚೂರುಗಳು ಇರುತ್ತಿದ್ದವು. ಅವನ್ನು ಆಯ್ದು ತಂದು ಮಾರುವ ಹೆಂಗಸು ಮಂಕರಿಗೆ ಎರಡಾಣೆ ಹೇಳುತ್ತಿದ್ದಳು. ಅಮ್ಮ ಒಂದೂವರೆಗೆ ಇಳಿಸುತ್ತಿದ್ದಳು. ಬಚ್ಚಲೊಲೆಗೆ ಅದನ್ನು ಹಾಕಿ ಊದುಕೊಳವೆಯಲ್ಲಿ ಊದಿಬಿಟ್ಟರೆ ಹಂಡೆಯ ನೀರು ಮಧ್ಯಾಹ್ನದವರೆಗೂ ಆರುತ್ತಿರಲಿಲ್ಲ. ಆದರೆ ಮನೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಮೊಟ್ಟೆಯನ್ನು ಹೊಸ್ತಿಲು ದಾಟಿಸದ ನಮ್ಮಜ್ಜಿಗೆ ಅದು ಯಾವುದರ ವಾಸನೆಯೆಂದೇ ತಿಳಿಯದೆ, ಬೆಕ್ಕು ಎಲ್ಲೋ ಇಲಿ ಬಿಟ್ಟಿದೆ ಅಂತ ಅಟ್ಟವನ್ನೆಲ್ಲ ಹುಡುಕಿಸುತ್ತಿದ್ದರು.

ಇದ್ದಲೆಂದರೆ ನನಗೆ ಗೊತ್ತಿಲ್ಲದ್ದೇ ಎಂಬ ಧೈರ್ಯದಲ್ಲಿ 1971ರ ಕೊನೆಗೆ ನಾನು ಡಾಕ್ಟರ ಹೆಂಡತಿಯಾಗಿ ವೇಲ್ಸಿನ ರೊಂದಾ ಕಣಿವೆಗೆ ಹೋಗಿ ಇಳಿದೆ. ಆಗ ವಿದೇಶಕ್ಕೆ ಹೋಗುವವರ ಕೈಗೆ ಮೂರು ಪೌಂಡು ಕೊಟ್ಟು ಕಳಿಸುತ್ತಿದ್ದರು. ಪೌಂಡಿಗೆ ಸುಮಾರು ಹತ್ತೊಂಬತ್ತು ರೂಪಾಯಿ. ಲಂಡನ್ನಿನಲ್ಲಿ ಒಂದು ಟೀ ಕುಡಿದು, ಅದನ್ನು ರೂಪಾಯಿಗೆ ಗುಣಿಸಿ, ನಾನು ರೈಲಿನುದ್ದಕ್ಕೂ ಮಾತಾಡಲಿಲ್ಲ. ಟ್ರಂಕಿನಲ್ಲಿ ಹುಳಿಪುಡಿ, ಮೆಂತ್ಯದ ಹಿಟ್ಟು, ಸೀಗೆಪುಡಿ, ಒಂದು ಪುಟ್ಟ ಒರಳು. ಕಾರ್ಡಿಫ್‌ನಿಂದ ಮೇಲಕ್ಕೆ ಹತ್ತುವ ಸಣ್ಣ ರೈಲು ಒಂದೊಂದೇ ಊರು ದಾಟುತ್ತ ಹೋಯಿತು. ಎಲ್ಲ ಊರೂ ಒಂದೇ ಊರಿನ ಹಾಗೆ, ಬೆಟ್ಟದ ಬುಡದಲ್ಲಿ ಗೋಡೆಗೆ ಗೋಡೆ ಹಂಚಿಕೊಂಡ ಮನೆಗಳ ಸಾಲು. ನಾನು ನಿರೀಕ್ಷಿಸಿದ್ದು ಹಿಮ ಮತ್ತು ಡ್ಯಾಫೊಡಿಲ್ ಹೂವು. ಕಾಲೇಜಿನ ಇಂಗ್ಲಿಷ್ ಪಠ್ಯದಲ್ಲಿ ಅಷ್ಟೇ ಇದ್ದದ್ದು. ಸಿಕ್ಕಿದ್ದು ಮಳೆ, ಮತ್ತು ಅರಸೀಕೆರೆಯ ಅದೇ ವಾಸನೆ.

ನಮ್ಮವರಿಗೆ ಅಲ್ಲಿ ಕೆಲಸ ಸಿಕ್ಕಿದ್ದರಲ್ಲಿ ಅದೃಷ್ಟದ ಮಾತೇನೂ ಇರಲಿಲ್ಲ. ಅಲ್ಲಿಯ ಡಾಕ್ಟರುಗಳು ಆ ಕಣಿವೆಗಳಿಗೆ ಬರಲು ಒಪ್ಪುತ್ತಿರಲಿಲ್ಲ, ಹಾಗಾಗಿ ನಮ್ಮ ಕಡೆಯವರಿಗೆ ಜಾಗವಿತ್ತು. ಅದೇ 1971ರಲ್ಲಿ ಬೆಟ್ಟದಾಚೆಯ ಗ್ಲಿನ್‌ಕೋರಗ್ ಎಂಬ ಗಣಿಯೂರಿನ ಡಾಕ್ಟರು ಜೂಲಿಯನ್ ಟ್ಯೂಡರ್ ಹಾರ್ಟ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು: ಎಲ್ಲಿ ಕಾಯಿಲೆ ಹೆಚ್ಚೋ ಅಲ್ಲೇ ಒಳ್ಳೆಯ ವೈದ್ಯ ಕಡಿಮೆ ಎಂದು. ಆ ಲೇಖನ ಈಗ ಜಗತ್ಪ್ರಸಿದ್ಧ. ನಮ್ಮವರು ಅದನ್ನು ಓದಿ, "ಅಂದರೆ ನಾನು ಒಳ್ಳೆಯ ವೈದ್ಯನಲ್ಲ ಅಂತಾಯಿತು" ಎಂದು ನಕ್ಕು ಮಡಿಚಿಟ್ಟರು.

ಹೋಗಿ ಎರಡು ತಿಂಗಳೂ ಆಗಿರಲಿಲ್ಲ, 1972ರ ಜನವರಿಯಲ್ಲಿ ಗಣಿಯವರ ಮುಷ್ಕರ ಶುರುವಾಯಿತು. ಫೆಬ್ರವರಿಗೆ ದೇಶವೆಲ್ಲ ಸರದಿಯ ಮೇಲೆ ಕತ್ತಲೆ. ಬೀದಿಯವರು ಮೇಣದಬತ್ತಿಗೆ ಪರದಾಡುವಾಗ ನಾನು ಜಾಮಿನ ಖಾಲಿ ಸೀಸೆಗೆ ಅಡುಗೆ ಎಣ್ಣೆ ಸುರಿದು, ಹಳೆಯ ಪಂಚೆಯ ಚೂರನ್ನು ಹೊಸೆದು ಬತ್ತಿ ಮಾಡಿ ಹಚ್ಚಿಟ್ಟೆ. ಪಕ್ಕದ ಮನೆಯಾಕೆ ಬಂದು ನೋಡಿ, ಇದನ್ನು ಎಲ್ಲಿ ಕೊಂಡೆ ಅಂತ ಕೇಳಿದಳು. ಬಿಲಾಯತಿಯಲ್ಲಿ ನನ್ನಿಂದ ಒಬ್ಬರು ಏನಾದರೂ ಕಲಿತದ್ದು ಅದೇ ಮೊದಲು. ನಾನು ಒಂದು ವಾರ ಬೀಗಿದೆ.

ಆ ಪಕ್ಕದ ಮನೆಯಾಕೆಯ ಗಂಡ ಮಾರ್ಡಿ ಎಂಬ ಊರಿನ ಗಣಿಯಲ್ಲಿದ್ದ. ಗಣಿಯವರಿಗೆ ಸಂಬಳದ ಜೊತೆ ಉರುವಲು ಇದ್ದಲೂ ಸಿಗುತ್ತಿತ್ತು. ಲಾರಿಯವನು ಅದನ್ನು ಮನೆ ಮುಂದಿನ ರಸ್ತೆಗೇ ಸುರಿದು ಹೋಗಿಬಿಡುತ್ತಿದ್ದ. ಬೀದಿಯ ನಡುವೆ ಕಪ್ಪು ರಾಶಿ. ಮಳೆ ಬರುವುದರೊಳಗೆ ಅದನ್ನು ಬಕೆಟ್ಟುಗಳಲ್ಲಿ ಹೊತ್ತು ಹಿತ್ತಲ ಗೂಡಿಗೆ ಸಾಗಿಸಿ, ರಸ್ತೆ ಗುಡಿಸಿ, ಹೊಸ್ತಿಲ ಕಲ್ಲನ್ನು ಮಂಡಿಯೂರಿ ಉಜ್ಜಿ ತೊಳೆಯುವುದು ಹೆಂಗಸರ ಪಾಲು. ನಾನೂ ಸೆರಗು ಸಿಕ್ಕಿಸಿ ಕೈಹಾಕುತ್ತಿದ್ದೆ. ತೊಳೆದ ಹೊಸ್ತಿಲ ಮುಂದೆ ಒಂದು ಎಳೆ ರಂಗೋಲಿ ಬಿಟ್ಟೆ ಒಮ್ಮೆ, ಚೆಂದ ಕಾಣಲಿ ಅಂತ. ಆಕೆ ಯಾರೋ ಮಕ್ಕಳು ಸೀಮೆಸುಣ್ಣದಲ್ಲಿ ಗೀಚಿದ್ದಾರೆ ಎಂದುಕೊಂಡು ಮತ್ತೆ ಉಜ್ಜಿ ತೊಳೆದಳು.

ನಮ್ಮವರ ಕೋಣೆಗೆ ಬರುತ್ತಿದ್ದ ಗಂಡಸರ ಕೈಮೇಲೆ, ಹಣೆಯ ಮೇಲೆ ನೀಲಿ ಗೀರುಗಳಿದ್ದವು. ಗಾಯದೊಳಗೆ ಇದ್ದಲ ಪುಡಿ ಕೂತು ಚರ್ಮ ಅದರ ಮೇಲೆಯೇ ಕೂಡಿಕೊಂಡು, ನಮ್ಮಜ್ಜಿಯ ಮುಂಗೈಯ ಹಚ್ಚೆಯ ಹಾಗೆ ಉಳಿದುಬಿಡುತ್ತಿತ್ತು. ಅದು ಹೊರಗಿನದು. ಒಳಗಿನದನ್ನು ಎಕ್ಸ್-ರೇ ಹಾಳೆ ತೋರಿಸುತ್ತಿತ್ತು. ನ್ಯುಮೊಕೋನಿಯೋಸಿಸ್ ಅನ್ನುವ ಉದ್ದ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ಬರೀ 'ಧೂಳು' ಎನ್ನುತ್ತಿದ್ದರು. ಶ್ವಾಸಕೋಶ ಎಷ್ಟು ಹಾಳಾಗಿದೆ ಎಂದು ವೈದ್ಯರ ಮಂಡಳಿ ಶೇಕಡಾ ಲೆಕ್ಕದಲ್ಲಿ ಬರೆದುಕೊಡುತ್ತಿತ್ತು, ಅದರ ಮೇಲೆ ಪಿಂಚಣಿ. ಹಾಗಾಗಿ ಜನ ತಮ್ಮನ್ನು ತಾವೇ, ನಾನು ಮೂವತ್ತು ಪರ್ಸೆಂಟು, ನಮ್ಮಣ್ಣ ಐವತ್ತು ಪರ್ಸೆಂಟು, ಅಂತ ಸಂಕ್ರಾಂತಿಯ ರಿಬೇಟಿನಂತೆ ಹೇಳಿಕೊಳ್ಳುತ್ತಿದ್ದರು. ಔಷಧದ ಚೀಟಿಗೆ ಆಗ ಇಪ್ಪತ್ತು ಪೆನ್ನಿ. ಆ ಕೆಮ್ಮಿಗೆ ಮಾತ್ರ ಯಾವ ಚೀಟಿಯಲ್ಲೂ ಔಷಧವಿರಲಿಲ್ಲ.

ಬುಧವಾರ ಸಂಜೆ ಆ ಕೆಮ್ಮುವವರೇ ಹಾಡಲು ಸೇರುತ್ತಿದ್ದರು. ಗಂಡಸರದೇ ವೃಂದಗಾನ, ಹೆಂಗಸರದು ಟೀ ಮಾಡುವ ಪಾಳಿ. ನಾನೂ ಪಾಳಿಗೆ ಹೋದೆ. ಹಾಡುವವರ ಕೈಯಲ್ಲಿದ್ದ ಹಾಳೆಯನ್ನು ಇಣುಕಿ ನೋಡಿದರೆ, ಐದು ಗೆರೆಗಳ ಮೇಲೆ ಕೂತ ಪಾಶ್ಚಾತ್ಯ ಸ್ವರಲಿಪಿ ಅದಲ್ಲ. ಅಕ್ಷರಗಳು! ಡಿ, ಆರ್, ಎಂ, ಎಫ್, ನಡುವೆ ಚುಕ್ಕೆಗಳು. ಟಾನಿಕ್ ಸಾಲ್ಫಾ ಎಂದು ಅದರ ಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ ಜಾನ್ ಕರ್ವೆನ್ ಎಂಬ ಪಾದ್ರಿ ಅದನ್ನು ಊರೂರಿಗೆ ಹಬ್ಬಿಸಿದ್ದ. ಪಿಯಾನೋ ಕೊಳ್ಳಲಾಗದ, ಶಾಲೆಯನ್ನು ಅರ್ಧಕ್ಕೆ ಬಿಟ್ಟು ಗಣಿಗಿಳಿದ ಹುಡುಗರು ಅದರಲ್ಲೇ ನಾಲ್ಕು ದನಿಗಳ ಸಂಗೀತ ಕಲಿತರು. 'ಡೋ' ಎಲ್ಲಿ ಬೇಕಾದರೂ ಕೂರಬಹುದು, ನಮ್ಮ ಷಡ್ಜದ ಹಾಗೆಯೇ. ನಾನು ಟೀ ಪಾತ್ರೆ ಕೆಳಗಿಟ್ಟು ಡೋಗೆ 'ಸ' ಇಟ್ಟುಕೊಂಡು ಒಂದು ಸಾಲನ್ನು ಓದಿದೆ; ಶುದ್ಧ ಶಂಕರಾಭರಣ. ಓದಿದ್ದಕ್ಕೆ ಚಪ್ಪಾಳೆ ಬಿತ್ತು. ಆದರೆ ಅರಸೀಕೆರೆಯ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ ಗಮಕ ಎಲ್ಲಿ ಬಿಡುತ್ತದೆ? ಗಾಂಧಾರವನ್ನು ನಾನು ಅಲ್ಲಾಡಿಸಿದಾಗ ಹಾಡಿಸುವಾತ ಕಣ್ಣು ಮುಚ್ಚಿ ನೋವು ತಡೆದುಕೊಂಡ.

ನಾನು ಅಲ್ಲಿ ಗಣಿಯ ಹಾಡು ಕೇಳುತ್ತೇನೆ ಎಂದುಕೊಂಡಿದ್ದೆ. ನಮ್ಮಲ್ಲಿ ಬೀಸುವವಳಿಗೆ ಬೀಸುವ ಪದ, ಕುಟ್ಟುವವಳಿಗೆ ಕುಟ್ಟುವ ಪದ, ನಾಟಿಗೆ ನಾಟಿಯ ಪದ. ಹಾಗೆಯೇ ಇದ್ದಲು ಅಗೆಯುವವರಿಗೆ ಅಗೆಯುವ ಪದವಿರಬೇಕಲ್ಲ? ಇಂಗ್ಲೆಂಡಿನ ಉತ್ತರದಲ್ಲಿ ಅಂಥವು ಇದ್ದವು. 1951ರಲ್ಲಿ ಸರ್ಕಾರದ ಕಲ್ಲಿದ್ದಲು ಮಂಡಳಿಯ ಪತ್ರಿಕೆಯೇ ಸ್ಪರ್ಧೆ ಇಟ್ಟು ಗಣಿಯ ಹಾಡುಗಳನ್ನು ಕರೆದಿತ್ತು, ಎ. ಎಲ್. ಲಾಯ್ಡ್ ಅವನ್ನೆಲ್ಲ ಸೇರಿಸಿ ಮರುವರ್ಷ ಪುಸ್ತಕ ಮಾಡಿದರು. ರೊಂದಾದ ಗಂಡಸರು ಮಾತ್ರ ಹಾಡುತ್ತಿದ್ದದ್ದು ದೇವರ ಪದ, ವೆರ್ಡಿಯ ಇಟಾಲಿಯನ್ ಆಪೆರಾ, ಕೈಕೊಟ್ಟ ಹುಡುಗಿಯ ಮೇಲಿನ 'ಮವಾನ್ವಿ'. ಅದಕ್ಕೆ ರಾಗ ಕಟ್ಟಿದ ಜೋಸೆಫ್ ಪ್ಯಾರಿ ಒಂಬತ್ತು ವರ್ಷಕ್ಕೇ ಗಣಿಗಿಳಿದವನು, ಆದರೆ ಹಾಡಿನಲ್ಲಿ ಇದ್ದಲಿನ ಒಂದು ಚೂರೂ ಇಲ್ಲ. ಕಣಿವೆಯ ಹೆಸರನ್ನೇ ಹೊತ್ತ 'ಕುಮ್ ರೊಂದಾ' 1907ರಲ್ಲಿ ಪಾಂಟಿಪ್ರಿದ್ದಿನ ಬಳಿಯ ಒಂದು ಚಾಪೆಲ್ಲಿಗಾಗಿ ಕಟ್ಟಿದ ಭಜನೆಯ ಮಟ್ಟು. ಅದನ್ನು ಕಟ್ಟಿದ ಜಾನ್ ಹ್ಯೂಸ್ ಗಣಿಯ ಕಚೇರಿಯಲ್ಲಿ ಗುಮಾಸ್ತ. "ಗಣಿಯ ಮೇಲೆ ಹಾಡೇ ಇಲ್ಲವೆ?" ಎಂದು ನಾನು ಕೇಳಿದಾಗ ಒಬ್ಬ ಮುದುಕ, "ಹಗಲೆಲ್ಲ ಅಲ್ಲೇ ಇರುತ್ತೇವಲ್ಲ ತಾಯಿ, ಸಂಜೆಯೂ ಅದೇ ಯಾಕೆ?" ಅಂದ.

ಅದೇ ಮುದುಕ ಪಾಲ್ ರೋಬ್ಸನ್ ಕತೆ ಹೇಳಿದ್ದು. ಅಮೆರಿಕದ ಸರ್ಕಾರ ಆ ಕರಿಯ ಗಾಯಕನ ಪಾಸ್‌ಪೋರ್ಟು ಕಿತ್ತುಕೊಂಡು ಹೊರಗೆ ಹೋಗದಂತೆ ಮಾಡಿತ್ತು. 1957ರ ಅಕ್ಟೋಬರಿನಲ್ಲಿ ಪೋರ್ಥ್‌ಕಾಲ್ ಎಂಬ ಕಡಲೂರಿನಲ್ಲಿ ಗಣಿಯವರ ಸಂಗೀತೋತ್ಸವ ನಡೆದಾಗ ಅವನು ನ್ಯೂಯಾರ್ಕಿನಿಂದ ಟೆಲಿಫೋನಿನಲ್ಲೇ ಹಾಡಿದ. ಸಾಗರದಡಿಯ ತಂತಿಯಲ್ಲಿ ಬಂದ ದನಿಯನ್ನು ಸಭೆಯೆಲ್ಲ ಕೇಳಿತು, ಇತ್ತಲಿಂದ ಟ್ರೆಯಾರ್ಕಿಯ ವೃಂದದವರು ತಿರುಗಿ ಹಾಡಿದರು. ಅದರ ಧ್ವನಿಮುದ್ರಣ ಉಳಿದಿದೆ, ನೀವೂ ಕೇಳಬಹುದು. ನನಗೆ ಆಗ ಅನ್ನಿಸಿದ್ದೇ ಬೇರೆ. ಅರಸೀಕೆರೆಗೆ ಒಂದು ಟ್ರಂಕ್ ಕಾಲ್ ಬುಕ್ ಮಾಡಿ, ರಾತ್ರಿಯೆಲ್ಲ ಕಾದು, "ಹಲೋ ಹಲೋ" ಎಂಬ ಎರಡು ಮಾತಿಗೆ ದುಡ್ಡು ತೆತ್ತವಳು ನಾನು. ಇಡೀ ಹಾಡು ಹಾಡಿದನೆ? ಬಿಲ್ಲು ಎಷ್ಟಾಗಿರಬಹುದು?

ರೋಬ್ಸನ್ ಅಲ್ಲಿಯವರಿಗೆ ಅಷ್ಟು ಬೇಕಾದವನಾಗಲು ಒಂದು ಸಿನಿಮಾವೂ ಕಾರಣ. 1940ರ 'ದ ಪ್ರೌಡ್ ವ್ಯಾಲಿ'ಯಲ್ಲಿ ಅವನು ಹಡಗಿನಿಂದಿಳಿದು ಬಂದ ಕೆಲಸಗಾರ. ಅವನ ಕಂಠ ಕೇಳಿಯೇ ಊರಿನವರು ಅವನನ್ನು ಗಣಿಗೂ ವೃಂದಕ್ಕೂ ಸೇರಿಸಿಕೊಳ್ಳುತ್ತಾರೆ. ಅದರಲ್ಲಿ ಕಣಿವೆಯ ನಿಜವಾದ ಬೀದಿಗಳಿವೆ. ಮರುವರ್ಷ ಬಂದ ಜಾನ್ ಫೋರ್ಡನ 'ಹೌ ಗ್ರೀನ್ ವಾಸ್ ಮೈ ವ್ಯಾಲಿ'ಗೆ ಆಸ್ಕರ್ ಬಂತು, ಆದರೆ ಅದರ ಊರು ಕ್ಯಾಲಿಫೋರ್ನಿಯಾದ ಬೆಟ್ಟದಲ್ಲಿ ಕಟ್ಟಿದ್ದು. ನಮ್ಮ ಬೀದಿಯ ಹೆಂಗಸರು ಅದನ್ನು ಟಿವಿಯಲ್ಲಿ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು, ನಡುನಡುವೆ ಗಣಿಯಿಂದ ಬಂದವನ ಅಂಗಿ ಇಷ್ಟು ಬಿಳಿ ಇರುತ್ತದೆಯೇ ಎಂದು ಮೂಗು ಮುರಿಯುತ್ತಲೂ ಇದ್ದರು.

ಇವೆರಡಕ್ಕಿಂತ ನನಗೆ ಹಿಡಿಸಿದ್ದು ಹಂಫ್ರಿ ಜೆನ್ನಿಂಗ್ಸನ 'ದ ಸೈಲೆಂಟ್ ವಿಲೇಜ್'. 1942ರಲ್ಲಿ ನಾಜಿಗಳು ಚೆಕ್ ದೇಶದ ಲಿಡಿಟ್ಸೆ ಎಂಬ ಗಣಿಯವರ ಊರನ್ನು ನೆಲಸಮ ಮಾಡಿ ಗಂಡಸರನ್ನೆಲ್ಲ ಕೊಂದರು. ಮರುವರ್ಷದ ಈ ಚಿತ್ರದಲ್ಲಿ ಅದೇ ಘಟನೆ ವೇಲ್ಸಿನ ಕುಮ್‌ಗೀಡ್ ಎಂಬ ಊರಲ್ಲಿ ನಡೆದಿದ್ದರೆ ಎಂದು ಕಲ್ಪಿಸಿ, ಆ ಊರಿನ ಜನರಿಂದಲೇ ಮಾಡಿಸಿದ್ದಾರೆ. ನಟರಿಲ್ಲ. ಗಣಿಯವರು ಗಣಿಯವರೇ, ಟೀಚರು ಟೀಚರೇ. ಒಲೆ ಮುಂದೆ ಅಡುಗೆ ಮಾಡುತ್ತಿರುವ ಹೆಂಗಸು ನಿಜಕ್ಕೂ ಅಡುಗೆಯನ್ನೇ ಮಾಡುತ್ತಿದ್ದಾಳೆ. ಸಟ್ಟುಗ ಹಿಡಿದ ಕೈ ನೋಡಿದರೆ ತಿಳಿಯುತ್ತದೆ, ಅಡುಗೆ ಬಲ್ಲವರಿಗೆ.

ಮಿಕ್ಕ ಚಿತ್ರಗಳೆಲ್ಲ ಸರ್ಕಾರಿ ಬಾಬ್ತು. 1947ರ ಜನವರಿ 1ಕ್ಕೆ ಗಣಿಗಳು ರಾಷ್ಟ್ರದ ಸೊತ್ತಾದವು. ಆ ವರ್ಷದಿಂದಲೇ ಕಲ್ಲಿದ್ದಲು ಮಂಡಳಿ 'ಮೈನಿಂಗ್ ರಿವ್ಯೂ' ಎಂಬ ಕಿರುಚಿತ್ರವನ್ನು ತಿಂಗಳಿಗೊಂದರಂತೆ ತೆಗೆಸಿ ಗಣಿಯೂರುಗಳ ಟಾಕೀಸುಗಳಿಗೆ ಕಳಿಸತೊಡಗಿತು, 1983ರವರೆಗೂ. ನಮ್ಮಲ್ಲಿ ಸಿನಿಮಾಕ್ಕೆ ಮುಂಚೆ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ ಬರುತ್ತಿತ್ತಲ್ಲ, ಅಣೆಕಟ್ಟು, ಟ್ರಾಕ್ಟರು, ನಗುವ ರೈತ. ಅದರ ಒಡಹುಟ್ಟು ಇದು. ಹೊಸ ಯಂತ್ರ, ಹೊಸ ಸ್ನಾನದ ಮನೆ, ಬ್ಯಾಂಡಿನ ಸ್ಪರ್ಧೆ, ಪಾರಿವಾಳ ಸಾಕುವ ಗಣಿಗ. ಎಲ್ಲರೂ ನಗುತ್ತಿದ್ದರು. ಒಬ್ಬನೂ ಕೆಮ್ಮಿದ್ದನ್ನು ನಾನು ನೋಡಲಿಲ್ಲ.

ಕೆಲವು ಚಿತ್ರಗಳನ್ನು ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಪಕ್ಕದ ಕಣಿವೆ ದಾಟಿದರೆ ಅಬರ್‌ವಾನ್. ನಾವು ಹೋಗುವ ಐದು ವರ್ಷ ಮುಂಚೆ, 1966ರ ಅಕ್ಟೋಬರ್ 21ರ ಬೆಳಗ್ಗೆ, ಗಣಿಯ ಕಸದ ಗುಡ್ಡ ಮಳೆಗೆ ಜಾರಿ ಶಾಲೆಯ ಮೇಲೆ ಬಿದ್ದು 116 ಮಕ್ಕಳು, 28 ದೊಡ್ಡವರು ಸತ್ತಿದ್ದರು. ಟಿವಿಯಲ್ಲಿ ಆ ಕಪ್ಪುಬಿಳುಪು ದೃಶ್ಯ ಬಂತೆಂದರೆ ಪಕ್ಕದ ಮನೆಯಾಕೆ ಮಾತಿಲ್ಲದೆ ಎದ್ದು ಆರಿಸುತ್ತಿದ್ದಳು. ಉಳಿದ ಗುಡ್ಡಗಳನ್ನು ತೆಗೆಸುವ ಖರ್ಚಿಗೆ ಜನ ಕಳಿಸಿದ ಪರಿಹಾರ ನಿಧಿಯಿಂದಲೇ 1,50,000 ಪೌಂಡು ಕಿತ್ತುಕೊಂಡರು. ಅದು ವಾಪಸು ಬಂದದ್ದು 1997ರಲ್ಲಿ, ಬಡ್ಡಿಯಿಲ್ಲದೆ. ಕೆಜಿಎಫ್‌ನಲ್ಲಿದ್ದ ನಮ್ಮ ಸೋದರಮಾವನ ಮನೆಯ ಹಿಂದಿನ ಸೈನೈಡ್ ದಿಬ್ಬದ ಮೇಲೆ ನಾವು ಮಕ್ಕಳು ಜಾರಾಡಿದ್ದೆವು. ಅಬರ್‌ವಾನ್ ಕತೆ ಕೇಳಿದ ರಾತ್ರಿ ಅದು ನೆನಪಾಗಿ ಮೈ ತಣ್ಣಗಾಯಿತು.

1984ರ ಮಾರ್ಚಿನಿಂದ ಒಂದು ವರ್ಷ ಮತ್ತೆ ಮುಷ್ಕರ. ಈ ಸಲ ಕತ್ತಲೆಯಾದದ್ದು ಗಣಿಯವರ ಮನೆ ಮಾತ್ರ. ಮಾರ್ಡಿಯಲ್ಲಿ ಒಬ್ಬನೂ ಮುಷ್ಕರ ಮುರಿದು ಕೆಲಸಕ್ಕೆ ಹೋಗಲಿಲ್ಲ. ಹಳೆಯ ಕಾಲದಲ್ಲಿ ಆ ಊರನ್ನು 'ಪುಟ್ಟ ಮಾಸ್ಕೋ' ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಹೆಂಗಸರು ದವಸದ ಪೊಟ್ಟಣ ಕಟ್ಟಿ ಮನೆಮನೆಗೆ ಹಂಚಿದರು. ಅವತ್ತಿನವರೆಗೆ ಟೀ ಪಾಳಿಯಲ್ಲಿದ್ದವರು ಮೈಕು ಹಿಡಿದು ಭಾಷಣ ಮಾಡಿದರು. ನಾನು ಭಾಷಣದವಳಲ್ಲ. ಒಂದು ಕೊಪ್ಪರಿಗೆಯಷ್ಟು ಆಲೂಗಡ್ಡೆ ಪಲ್ಯ ಮಾಡಿಕೊಂಡು ಹೋದೆ, ಖಾರ ಅರ್ಧ ಮಾಡಿ. ಆ ಅರ್ಧವೂ ಹೆಚ್ಚಾಗಿ, ಒಂದು ಸಾಲು ಗಂಡಸರು ಕಣ್ಣಲ್ಲಿ ನೀರು ತುಂಬಿಕೊಂಡು ಕೂತರು. ಸರಿಯಾಗಿ ಅದೇ ಹೊತ್ತಿಗೆ ಬಂದ ಕ್ಯಾಮೆರಾದವನು ಅವರನ್ನು ಸೆರೆಹಿಡಿದುಕೊಂಡು ಹೋದ. ಮುಷ್ಕರದ ಸಂಕಟ ಎಂದು ಅದು ಎಲ್ಲಾದರೂ ಸಂಗ್ರಹದಲ್ಲಿ ಕೂತಿದ್ದರೆ, ಕಾರಣ ಗುಂಟೂರು ಮೆಣಸಿನಕಾಯಿ.

1985ರ ಮಾರ್ಚ್ 5ರ ನಸುಕಿಗೆ ಸೋತವರು ಬ್ಯಾಂಡು ಬಾರಿಸುತ್ತ, ಬಾವುಟ ಹಿಡಿದು ಗಣಿಗೆ ಮರಳಿದರು. ಅದನ್ನು ಈಗಲೂ ಟಿವಿಯವರು ತೋರಿಸುತ್ತಾರೆ. 1990ರ ಡಿಸೆಂಬರ್ 21ಕ್ಕೆ ಮಾರ್ಡಿ ಮುಚ್ಚಿತು. ರೊಂದಾದ ಕಡೆಯ ಗಣಿ ಅದು. ಬೆಟ್ಟದಾಚೆಯ ಟವರ್ ಗಣಿಯ 239 ಜನ ಮಾತ್ರ ತಲಾ 8,000 ಪೌಂಡು ಹಾಕಿ, ಮುಚ್ಚಿದ್ದ ಗಣಿಯನ್ನು ತಾವೇ ಕೊಂಡು 1995ರಿಂದ 2008ರವರೆಗೆ ನಡೆಸಿದರು. ಇದ್ದಲು ತೀರಿದ ಮೇಲೆ ಬಾಗಿಲು ಹಾಕಿದರು. ಪಕ್ಕದ ಮನೆಯಾಕೆಯ ಮಗ ಗಣಿಗಿಳಿಯಲೇ ಇಲ್ಲ, ಬ್ಯಾಂಕು ಸೇರಿದ. ಮುಷ್ಕರದಲ್ಲಿ ಗಣಿ ಉಳಿಸಿ ಎಂದು ಗಂಟಲು ಹರಿದುಕೊಂಡವಳೇ, ಮಗನಿಗೆ ಬ್ಯಾಂಕಿನ ಕೆಲಸ ಸಿಕ್ಕ ದಿನ ಬೀದಿಗೆಲ್ಲ ಕೇಕು ಹಂಚಿದಳು.

ಮುಚ್ಚಿದ ಮೇಲೆಯೇ ಚಿತ್ರಗಳು ತಿರುಗಿ ಬಂದದ್ದು. ಒಂದು ಚಳಿಗಾಲ ಊರಿನ ಸಭಾಭವನದಲ್ಲಿ ಹಳೆಯ ರೀಲುಗಳ ಪ್ರದರ್ಶನ ಇಟ್ಟಿದ್ದರು. 1937ರ 'ಟುಡೇ ವಿ ಲಿವ್' ಎಂಬ ಚಿತ್ರದಲ್ಲಿ, ಕೆಲಸ ಕಳೆದುಕೊಂಡ ಗಂಡಸರು ಕಸದ ಗುಡ್ಡದ ಇಳಿಜಾರಿನಲ್ಲಿ ಬಗ್ಗಿ, ಕೈಯಿಂದ ಕೆರೆದು ಇದ್ದಲ ಚೂರು ಆಯುವ ದೃಶ್ಯವಿದೆ. ಆಮೇಲೆ ಬಂದ ಎಷ್ಟೋ ಸಾಕ್ಷ್ಯಚಿತ್ರಗಳು ಅದೇ ತುಣುಕನ್ನು ಎರವಲು ಪಡೆದಿವೆ. ತೆರೆಯ ಮೇಲೆ ಮುಖ ಸರಿಯಾಗಿ ಕಾಣುವುದಿಲ್ಲ, ಬೆನ್ನುಗಳೇ ಹೆಚ್ಚು. ಕತ್ತಲಲ್ಲಿ ಒಬ್ಬಳು, "ಅದು ನಮ್ಮಪ್ಪ!" ಎಂದು ಕೂಗಿದಳು. ಹಿಂದಿನ ಸಾಲಿನಿಂದ, "ನಿಮ್ಮಪ್ಪ ಅಲ್ಲ, ನಮ್ಮ ದೊಡ್ಡಪ್ಪ, ಆ ಟೋಪಿ ನೋಡು" ಅಂತ ಇನ್ನೊಬ್ಬ. ಮೂರನೆಯ ಮನೆಯವರೂ ಅದೇ ಬೆನ್ನಿಗೆ ಹಕ್ಕು ಹೂಡಿದರು. ರೀಲು ತಿರುಗಿಸಿ ಮತ್ತೆ ಹಾಕಿದರೂ ತೀರ್ಮಾನವಾಗಲಿಲ್ಲ. ನಾನು ನೋಡುತ್ತಿದ್ದದ್ದು ಅವರ ಪಕ್ಕದ ಬುಟ್ಟಿಯನ್ನು. ಬೂದಿಯಲ್ಲಿ ಕೈಯಾಡಿಸಿ ಆಯ್ದ ಚೂರಿಗೆ ಅಮ್ಮ ಅರ್ಧಾಣೆ ಇಳಿಸುತ್ತಿದ್ದದ್ದು ಅಲ್ಲಿ ಕೂತಾಗ ಅಷ್ಟು ಜಾಣತನವೆಂದು ಕಾಣಲಿಲ್ಲ.

ಈಗ ಅವೇ ರೀಲುಗಳನ್ನು ಕತ್ತರಿಸಿ ಸಂಗೀತ ಕೂಡಿಸುವ ಕಾಲ. ಬಿಲ್ ಮಾರಿಸನ್ ಎಂಬಾತ ಡರ್ಹಮ್ ಸೀಮೆಯ ಹಳೆಯ ಚಿತ್ರಗಳನ್ನೆಲ್ಲ ಹೊಲಿದು 'ದ ಮೈನರ್ಸ್ ಹಿಮ್ಸ್' ಮಾಡಿದ; ಮಾತೇ ಇಲ್ಲ, ಐಸ್‌ಲ್ಯಾಂಡಿನ ಯೊಹಾನ್ ಯೊಹಾನ್ಸನ್ ಕಟ್ಟಿದ ಹಿತ್ತಾಳೆ ವಾದ್ಯಗಳ ಸಂಗೀತ ಮಾತ್ರ. 2010ರಲ್ಲಿ ಅದನ್ನು ಮೊದಲು ತೋರಿಸಿದ್ದು ಡರ್ಹಮ್‌ನ ದೊಡ್ಡ ಇಗರ್ಜಿಯಲ್ಲಿ. 2017ರಲ್ಲಿ ಪಬ್ಲಿಕ್ ಸರ್ವೀಸ್ ಬ್ರಾಡ್‌ಕಾಸ್ಟಿಂಗ್ ಎಂಬ ತಂಡ ಎಬೂ ವೇಲ್ ಊರಿನಲ್ಲಿ ಕೂತು 'ಎವೆರಿ ವ್ಯಾಲಿ' ಎಂಬ ಆಲ್ಬಮ್ ಮಾಡಿತು. ಹಳೆಯ ಚಿತ್ರಗಳ ನಿರೂಪಕರ ಗಡಸು ದನಿಗಳು, ಅವುಗಳ ಸುತ್ತ ಗಿಟಾರು, ಕೊನೆಗೆ ಬೋಫರ್ಟಿನ ಗಂಡಸರ ವೃಂದ. ಮೊಮ್ಮಗಳು ನನ್ನ ಕಿವಿಗೆ ತನ್ನ ಇಯರ್‌ಫೋನ್ ಸಿಕ್ಕಿಸಿ ಕೇಳಿಸಿದಳು. "ಅಜ್ಜಿ, ಇವರೆಲ್ಲ ನಿಂಗೆ ಗೊತ್ತಿದ್ದವರಾ?" ಅಂದಳು. ಗಣಿಗೆ ಬನ್ನಿ, ಕೈತುಂಬ ಸಂಬಳ, ಭದ್ರ ಭವಿಷ್ಯ ಎಂದು ಮಂಡಳಿಯವರು ಹುಡುಗರನ್ನು ಕರೆಯುತ್ತಿದ್ದ ದನಿ ಅವಳಿಗೆ ವಿಷಾದದ ಕಾವ್ಯವಾಗಿ ಕೇಳಿಸುತ್ತಿತ್ತು. ನನಗೆ ಇನ್ನೂ ಜಾಹೀರಾತಿನ ಹಾಗೆಯೇ ಕೇಳಿಸಿತು. ವೃಂದದ ಹಾಡು ಬಂದಾಗ ಮಾತ್ರ ಇಬ್ಬರೂ ಸುಮ್ಮನಾದೆವು. ಇದ್ದಲಿನ ಸುದ್ದಿಯೇ ಎತ್ತದೆ ಹಾಡಿಕೊಂಡಿದ್ದವರ ಆ ಕಂಠವೇ ಈಗ ಇದ್ದಲಿನ ಗುರುತು.

ಕಣಿವೆ ಹಸಿರಾಗಿದೆ. ಬೆಟ್ಟದ ನೆತ್ತಿಯಲ್ಲಿ ಗಾಳಿಯಂತ್ರಗಳು, ಪೆನ್ ಇ ಕಮೋಯಿದ್ ಎಂಬಲ್ಲಿ 76. ಬ್ರಿಟನ್ನಿನ ಕೊನೆಯ ಆಳಗಣಿ ಕೆಲಿಂಗ್ಲಿ 2015ರಲ್ಲಿ, ಇದ್ದಲಿನ ಕೊನೆಯ ವಿದ್ಯುತ್ ಕೇಂದ್ರ 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿದವು. ಬಟ್ಟೆ ಒಣಹಾಕಿದರೆ ಮಸಿ ಹಿಡಿಯುವುದಿಲ್ಲ, ಒಳ್ಳೆಯದೇ ಆಯಿತು.

ಹೋದ ವರ್ಷ ಮೊಮ್ಮಗಳ ಜೊತೆ ಬ್ಲೈನಾವನ್‌ನ ಬಿಗ್ ಪಿಟ್‌ಗೆ ಹೋಗಿದ್ದೆ. 1980ರಲ್ಲಿ ಮುಚ್ಚಿ, 1983ರಲ್ಲಿ ಪ್ರದರ್ಶನಕ್ಕೆಂದು ತೆರೆದ ಗಣಿ ಅದು. ಗಡಿಯಾರ, ಮೊಬೈಲು, ಬ್ಯಾಟರಿ ಇರುವುದನ್ನೆಲ್ಲ ಮೇಲೆಯೇ ಇಸಿದುಕೊಂಡು, ಶಿರಸ್ತ್ರಾಣಕ್ಕೆ ದೀಪ ಸಿಕ್ಕಿಸಿ, ಪಂಜರದಂಥ ತೊಟ್ಟಿಲಲ್ಲಿ 90 ಮೀಟರು ಇಳಿಸುತ್ತಾರೆ. ನಮ್ಮ ಜೊತೆ ಒಂದು ಶಾಲೆಯ ಮಕ್ಕಳಿದ್ದರು. ಕರೆದೊಯ್ದವನು ಹಿಂದೆ ಗಣಿಯಲ್ಲಿ ದುಡಿದವನೇ. ದುರಂತಗಳ ಕತೆ ಹೇಳಿದ, ಕುದುರೆ ಲಾಯ ತೋರಿಸಿದ, ದೀಪ ಆರಿಸಿ ಕತ್ತಲೆ ತೋರಿಸಿದ. ಏನಾದರೂ ಕೇಳುವುದಿದೆಯೇ ಅಂದಾಗ ಒಬ್ಬ ಪುಟ್ಟ ಹುಡುಗ ಕೈಯೆತ್ತಿ, ಇಲ್ಲಿ ಕಕ್ಕಸು ಎಲ್ಲಿತ್ತು ಅಂತ ಕೇಳಿದ. "ನೀನು ಎಲ್ಲಿ ನಿಂತಿದ್ದೀಯೋ ಅಲ್ಲೇ ಇರಬಹುದು" ಅಂದ ಆತ. ಮಕ್ಕಳೆಲ್ಲ ಕಿರುಚಿಕೊಂಡು ಕಾಲೆತ್ತಿದರು. ಆಮೇಲೆ ಅದನ್ನು ಅವನು ಸಾವಕಾಶವಾಗಿ ವಿವರಿಸಿದ: ಸಲಿಕೆ, ಮೂಲೆ, ಇಲಿಗಳು, ತಿಂಡಿಯನ್ನು ಇಲಿಗೆ ಸಿಗದಂತೆ ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದದ್ದು. ಮೊಮ್ಮಗಳು ಮೇಲೆ ಬಂದವಳೇ ಮೊಬೈಲು ಇಸಿದುಕೊಂಡು ಅದನ್ನಷ್ಟೂ ಬರೆದಿಟ್ಟುಕೊಂಡಳು, ಯಾವ ಫಿಲ್ಮಿನಲ್ಲೂ ಇದು ಇಲ್ಲ ಅಜ್ಜಿ ಅಂತ.